ಮೂರಡಿ ಟ್ಯಾಂಕಲ್ಲಿ ಕೆಎಚ್ ಸೊನ್ನೆ ಆದ ಭಾನುವಾರ, ಆಮೇಲೆ ಮಾಡಿದ ರಿಪೇರಿ

ಮೊದ್ಲೇ ಹೇಳ್ಬಿಡ್ತೀನಿ, ಇದು ಹೊಸ ಮೀನಿನ ಟ್ಯಾಂಕ್ ಸೆಟ್ ಮಾಡಿದ ಕಥೆ ಅಲ್ಲ. ವರ್ಷದ ಮೇಲೆ ಚೆನ್ನಾಗಿ ಓಡ್ತಿದ್ದ ಟ್ಯಾಂಕನ್ನ ನಾನೇ ಕೈಯಾರೆ ಅರ್ಧ ಗಂಟೇಲಿ ಕೆಡಿಸಿ, ಆಮೇಲೆ ಎರಡು ವಾರ ಒದ್ದಾಡಿ ಸರಿ ಮಾಡ್ಕೊಂಡಿದ್ದು. ನಂಬರ್‌ಗಳನ್ನೆಲ್ಲ ಫ್ರಿಜ್ ಪಕ್ಕದ ಕ್ಯಾಲೆಂಡರಲ್ಲಿ ಬರ್ದಿಟ್ಟಿದ್ದೆ, ಹಾಲಿನ ಲೆಕ್ಕದ ಜೊತೆ ಕಲಸಿ ಹೋಗಿದೆ, ಆದ್ರೂ ಓದಕ್ಕಾಗತ್ತೆ.

ಟ್ಯಾಂಕು 36 ಇಂಚು ಉದ್ದ, 15 ಅಗಲ, 18 ಎತ್ತರ. ಲೆಕ್ಕಕ್ಕೆ 159 ಲೀಟರ್, ಮರಳು ಕಲ್ಲು ಮರದ ದಿಮ್ಮಿ ಎಲ್ಲ ಕಳೆದ್ರೆ ನೀರು 130 ಲೀಟರ್ ಅಷ್ಟೇ. ಟಾಪ್ ಫಿಲ್ಟರ್, ಅದ್ರಲ್ಲಿ ಸ್ಪಾಂಜು, ಸೆರಾಮಿಕ್ ರಿಂಗು. ಮೀನು ನಾಲ್ಕು ಏಂಜೆಲ್, ಹದಿನೈದು ನಿಯಾನ್ ಟೆಟ್ರಾ, ಆರು ಕೋರಿ (ತಳದಲ್ಲಿ ಓಡಾಡೋ ಪುಟ್ಟ ಕ್ಯಾಟ್ ಫಿಶ್). ಸ್ವಲ್ಪ ಜಾಸ್ತಿನೇ, ಒಪ್ಕೋತೀನಿ.

ಈಗ ನೀರಿನ ವಿಷ್ಯ. ನಮ್ಮನೆ ಇರೋದು ಬೆಂಗಳೂರಿನ ಹೊರಗಡೆ, ಆ 110 ಹಳ್ಳಿ ಅಂತಾರಲ್ಲ ಆ ಏರಿಯಾ. ಕಾವೇರಿ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರಲ್ಲಿ ಶುರುವಾದ ಮೇಲೇನೇ ನಮ್ಮ ಬೀದಿಗೆ ಕಾವೇರಿ ಅನ್ನೋದು ಬಂದಿದ್ದು, ಅದೂ ದಿನ ಬಿಟ್ಟು ದಿನ ಎರಡು ಗಂಟೆ. ಅದು ನೇರ ಸಂಪ್‌ಗೆ ಬೀಳತ್ತೆ, ಅದೇ ಸಂಪ್‌ಗೆ ಬೋರ್‌ವೆಲ್ ನೀರೂ ಬೀಳತ್ತೆ, ಹಾಗಾಗಿ ನಲ್ಲೀಲಿ ಬರೋದು ಇವತ್ತು ಒಂಥರ ನಾಳೆ ಒಂಥರ. ಬೋರ್ ನೀರನ್ನ ಬೇರೆ ಹಿಡ್ದು ನೋಡ್ದಾಗ ಟಿಡಿಎಸ್ (ನೀರಲ್ಲಿ ಕರಗಿರೋ ಒಟ್ಟು ಉಪ್ಪು) 780, ಜಿಎಚ್ 22, ಕೆಎಚ್ 16. ಸ್ನಾನದ ಮನೆ ಬಕೆಟ್ಟಿಗೆಲ್ಲ ಬಿಳಿ ಕರೆ ಕಟ್ಟೋದು ಯಾಕೆ ಅಂತ ಆ ನಂಬರ್ ನೋಡಿದ್ರೇ ಗೊತ್ತಾಗತ್ತೆ.

ಗೊತ್ತಿಲ್ಲದೋರಿಗೆ ಎರಡು ಮಾತು. ಜಿಎಚ್ ಅಂದ್ರೆ ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ. ಕೆಎಚ್ ಅಂದ್ರೆ ಬೈಕಾರ್ಬನೇಟು, ಅಂದ್ರೆ ಆಸಿಡ್ ಬಂದಾಗ ಅದನ್ನ ನುಂಗಿ ಪಿಎಚ್ ಬೀಳದ ಹಾಗೆ ತಡ್ಕೊಳೋ ಶಕ್ತಿ. ಎರಡಕ್ಕೂ ಅಳತೆ ಡಿಗ್ರಿ, ಒಂದು ಡಿಗ್ರಿ ಅಂದ್ರೆ ಸುಮಾರು 17.9 ಪಿಪಿಎಂ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕ. ನಾನು ಈ ಕೆಎಚ್ ಅನ್ನೋದನ್ನ ಓದಿದ್ದೆ, ಗೊತ್ತಿತ್ತು, ಆದ್ರೆ ಟ್ಯಾಂಕ್ ನೀರಲ್ಲಿ ಅಳೀತಿರ್ಲಿಲ್ಲ. ಎಲ್ಲ ಎಡವಟ್ಟೂ ಅಲ್ಲಿಂದ್ಲೇ.

ಜನವರೀಲಿ ನಂಗೊಂದು ಹುಚ್ಚು ಹತ್ತಿತ್ತು. ನಿಯಾನು, ಏಂಜೆಲ್ಲು, ಎಲ್ಲ ಅಮೆಜಾನ್ ಕಡೆ ಮೀನು, ಅಲ್ಲಿನ ನೀರು ಮಳೆನೀರಿನ ಥರ ಮೆದು, ಟೀ ಡಿಕಾಕ್ಷನ್ ಬಣ್ಣ, ನಾನೂ ಹಾಗೇ ಮಾಡ್ಬೇಕು ಅಂತ. (ನಮ್ಮಲ್ಲಿ ಸಿಗೋ ಏಂಜೆಲ್ಲುಗಳು ಅಮೆಜಾನ್ ಮುಖಾನೇ ನೋಡಿಲ್ಲ, ಚೆನ್ನೈ ಕೊಳತ್ತೂರು ಕಡೆ ತೊಟ್ಟೀಲಿ ಹುಟ್ಟಿ ಬಸ್ಸಲ್ಲಿ ಬಂದವು ಅನ್ನೋದು ಆಗ ತಲೆಗೆ ಹೋಗಿರ್ಲಿಲ್ಲ.) ಅಡುಗೆಮನೆ ಆರ್‌ಓ ಇತ್ತು, ಅದ್ರ ನೀರಿನ ಟಿಡಿಎಸ್ 35. ಸರಿ, ಇನ್ಮೇಲೆ ವಾರಕ್ಕೆ 25 ಲೀಟರ್ ಬರೀ ಆರ್‌ಓ ನೀರು ಅಂತ ಶುರು ಹಚ್ಕೊಂಡೆ. ರಸ್ತೆ ಬದಿ ಕಾಡುಬಾದಾಮಿ ಮರದ ಒಣಗಿದ ಎಲೆ ಆರಿಸ್ಕೊಂಡು ಬಂದು ತೊಳೆದು ಹಾಕ್ದೆ. ಆನ್‌ಲೈನಲ್ಲಿ ಅದೇ ಎಲೇನ ಪ್ಯಾಕೆಟ್ ಮಾಡಿ ಮಾರ್ತಾರೆ, ನಮ್ಮ ಬೀದಿಲಿ ಪೌರಕಾರ್ಮಿಕರು ಗುಡ್ಸಿ ಬಿಸಾಕ್ತಾರೆ. ನೀರು ಮೂರೇ ದಿನಕ್ಕೆ ಜೇನಿನ ಬಣ್ಣ ಬಂತು, ನಿಯಾನ್‌ಗಳ ಕೆಂಪು ಪಟ್ಟಿ ಕಣ್ಣು ಕುಕ್ಕೋ ಹಾಗೆ ಎದ್ದು ಕಾಣಿಸ್ತು, ನಾನು ಗೆದ್ದೆ ಅಂದ್ಕೊಂಡೆ.

ವಾರಕ್ಕೊಂದ್ಸಲ ಟಿಡಿಎಸ್ ಮೀಟರ್ ಅದ್ದಿ ನೋಡ್ತಿದ್ದೆ. ಅದು ಅಗ್ಗದ ಮಾಲು, ಅದ್ದಿದ್ರೆ ನಂಬರ್ ಬರತ್ತೆ, ಟ್ಯೂಬಿಲ್ಲ ಹನಿ ಎಣಿಸೋ ಹಾಗಿಲ್ಲ. ಲಿಕ್ವಿಡ್ ಟೆಸ್ಟ್ ಕಿಟ್ ಮೂರು ಸಾವಿರದ ಹತ್ರ ಕೊಟ್ಟು ತಂದಿದ್ದೆ, ಶುರುವಲ್ಲಿ ಸೈಕಲ್ ಮಾಡೋವಾಗ (ಅಂದ್ರೆ ಫಿಲ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆಸೋವಾಗ) ದಿನಾ ಟೆಸ್ಟ್ ಮಾಡಿದ್ದು ಬಿಟ್ರೆ ಡಬ್ಬ ಮುಟ್ಟಿರ್ಲಿಲ್ಲ. ಟಿಡಿಎಸ್ ಶುರುವಲ್ಲಿ 400ರ ಮೇಲಿದ್ದದ್ದು ನಿಧಾನಕ್ಕೆ 190ಕ್ಕೆ ಇಳೀತು, ಅಲ್ಲೇ ನಿಂತ್ಕೊಂತು. ವಾ, ಸ್ಟೇಬಲ್ ಆಯ್ತು ಅಂದ್ಕೊಂಡೆ. ಟಿಡಿಎಸ್ ಮೀಟರ್ ಮಾಡೋದಿಷ್ಟೇ, ನೀರಲ್ಲಿ ಕರೆಂಟ್ ಎಷ್ಟು ಹರಿಯತ್ತೆ ಅಂತ ನೋಡಿ ಒಟ್ಟು ಉಪ್ಪಿನ ಅಂದಾಜು ಹೇಳತ್ತೆ. ಮದ್ವೆ ಊಟದ ಎಲೆ ಎಣಿಸಿದ ಹಾಗೆ, ಎಷ್ಟು ಎಲೆ ಬಿತ್ತು ಗೊತ್ತಾಗತ್ತೆ, ಉಂಡೋರು ನೆಂಟರೋ ಕರೀದೇ ಬಂದೋರೋ ಗೊತ್ತಾಗಲ್ಲ. ನನ್ನ ಟ್ಯಾಂಕಲ್ಲಿ ಬೈಕಾರ್ಬನೇಟ್ ಎದ್ದು ಹೋಗಿತ್ತು, ಅದ್ರ ಎಲೇಲಿ ನೈಟ್ರೇಟ್ ಕೂತು ಉಣ್ತಿತ್ತು.

ಒಂದು ಸುಳಿವು ಸಿಕ್ಕಿತ್ತು, ನಾನು ಹಿಡೀಲಿಲ್ಲ. ಗಿಡದ ಜೊತೆ ಬಂದಿದ್ದ ಪುಟ್ಟ ಬಸವನಹುಳಗಳು ಗಾಜಿನ ಮೇಲೆಲ್ಲ ಓಡಾಡ್ಕೊಂಡಿರ್ತಿದ್ವು. ಏಪ್ರಿಲ್ ಹೊತ್ತಿಗೆ ಅವುಗಳ ಚಿಪ್ಪು ಬೆಳ್ಳಗಾಗಿ, ತುದಿ ಸವೆದು, ಸಣ್ಣ ತೂತು ಬಿದ್ದು ಒಂದೊಂದೇ ಮಾಯ ಆದ್ವು. ನಂಗೆ ಖುಷಿ, ಪೀಡೆ ತೊಲಗ್ತು ಅಂತ. ಚಿಪ್ಪು ಕರಗೋ ನೀರು ಅಂದ್ರೆ ಆಸಿಡ್ ನೀರು ಅಂತ ಎಂಟನೇ ಕ್ಲಾಸ್ ಹುಡುಗನಿಗೂ ಗೊತ್ತಿರತ್ತೆ.

ಆಗಸ್ಟಲ್ಲಿ ಒಂದು ಶನಿವಾರ ಆರ್‌ಓ ಕೆಟ್ಟೋಯ್ತು, ಮೆಂಬ್ರೇನ್ ಹೋಗಿದೆ, ರಿಪೇರಿಯವ್ನು ಮಂಗಳವಾರ ಬರ್ತೀನಿ ಅಂದ. ಕುಡಿಯಕ್ಕೆ 20 ಲೀಟರ್ ಕ್ಯಾನ್ ತರ್ಸಿದ್ವಿ. ಭಾನುವಾರ ಬೆಳಿಗ್ಗೆ ಟ್ಯಾಂಕ್ ನೋಡಿದ್ರೆ ಎಲೆ ಕೊಳೆತು ತಳದಲ್ಲಿ ಗಲೀಜು, ನೀರು ಬದ್ಲಾಯ್ಸಿ ಎರಡು ವಾರ ಆಗಿತ್ತು. ಒಂದ್ಸಲ ನಲ್ಲಿ ನೀರು ಹಾಕಿದ್ರೆ ಏನಾಗತ್ತೆ, ಮೊದ್ಲೆಲ್ಲ ಅದೇ ತಾನೇ ಹಾಕ್ತಿದ್ದಿದ್ದು ಅಂತ ಸೈಫನ್ ಹಾಕಿ ಅರ್ಧಕ್ಕರ್ಧ ನೀರು ತೆಗ್ದೆ, ಆಂಟಿ ಕ್ಲೋರಿನ್ ಹಾಕ್ದೆ, ಪೈಪ್ ಹಾಕಿ ತುಂಬಿಸ್ದೆ. ಆವತ್ತು ಕಾವೇರಿ ಸರದಿ ಅಲ್ಲ, ಸಂಪಲ್ಲಿ ಇದ್ದಿದ್ದು ಪೂರ್ತಿ ಬೋರ್ ನೀರು.

ಇಪ್ಪತ್ತು ನಿಮಿಷ ಆಗಿರ್ಬೇಕು, ಮಗಳು ಕೂಗಿದ್ಲು, "ಅಪ್ಪಾ, ಕೋರಿ ಲಿಫ್ಟಲ್ಲಿ ಹೋದಂಗೆ ಮೇಲೆ ಕೆಳಗೆ ಹೋಗ್ತಿದೆ ನೋಡು." ಕೋರಿಗಳು ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗ್ತವೆ, ಅದು ಅದ್ರ ಸ್ವಭಾವ ಪುಟ್ಟಾ ಅಂತ ಪಂಡಿತನ ಥರ ಹೇಳಿ ತಿಂಡಿಗೆ ಕೂತೆ. ಎರಡನೇ ದೋಸೆಗೆ ಅವ್ಳು ಮತ್ತೆ ಬಂದ್ಲು, ಆರೂ ಹೋಗ್ತಿವೆ ಅಂತ. ಎದ್ದು ಬಂದು ನೋಡಿದ್ರೆ ಕೋರಿಗಳು ಒಂದರ ಹಿಂದೆ ಒಂದು ಮೇಲಕ್ಕೆ ನುಗ್ತಿವೆ, ಏಂಜೆಲ್ ರೆಕ್ಕೆ ಮಡಚ್ಕೊಂಡು ಮೂಲೇಲಿ ಮುಖ ಮೇಲೆ ಮಾಡಿ ನಿಂತಿದೆ, ಕಿವಿರು ಪಟಪಟ ಬಡೀತಿದೆ, ನಿಯಾನುಗಳು ಬಣ್ಣ ಬಿಟ್ಟು ಬೂದಿ ಬೂದಿ. ಮೊದ್ಲು ತೋಚಿದ್ದು ಕ್ಲೋರಿನ್, ಇನ್ನಷ್ಟು ಆಂಟಿ ಕ್ಲೋರಿನ್ ಸುರಿದೆ. ಉಪಯೋಗ ಆಗ್ಲಿಲ್ಲ, ಬರೀ ಬೋರ್ ನೀರಲ್ಲಿ ಕ್ಲೋರಿನ್ ಎಲ್ಲಿಂದ ಬರ್ಬೇಕು. ಅಂಗಡಿಯವ್ರಿಗೆ ಫೋನ್ ಮಾಡಿದ್ರೆ, ಪೂರ್ತಿ ನೀರು ಚೇಂಜ್ ಮಾಡ್ಬಿಡಿ ಸಾರ್, ನೀಲಿ ಔಷಧಿ ಹತ್ತು ಹನಿ ಬಿಡಿ ಅಂದ್ರು. ಪುಣ್ಯಕ್ಕೆ ಎರಡೂ ಮಾಡ್ಲಿಲ್ಲ. ಆ ನೀರಲ್ಲೇ ಇನ್ನರ್ಧ ಚೇಂಜ್ ಮಾಡಿದ್ರೆ ಪಿಎಚ್ ಇನ್ನೂ ಮೇಲೆ ಹೋಗ್ತಿತ್ತು, ನೀಲಿ ಔಷಧಿ ಫಿಲ್ಟರಲ್ಲಿರೋ ಬ್ಯಾಕ್ಟೀರಿಯಾನ ಹೊಡೆದು ಹಾಕ್ತಿತ್ತು.

ಕಿಟ್ ತೆಗ್ದು ಅಮೋನಿಯಾ ನೋಡ್ದೆ. ಎರಡು ಬಾಟಲಿಯಿಂದ ಎಂಟೆಂಟು ಹನಿ, ಐದು ನಿಮಿಷ. ಹಳದಿ ಇರ್ಬೇಕಾದ್ದು ಐದು ನಿಮಿಷ ಆಗೋಕೆ ಮುಂಚೇನೇ ದಟ್ಟ ಹಸಿರು, 4 ಪಿಪಿಎಂ. ಪಿಎಚ್ 7.6. ವರ್ಷ ಓಡಿರೋ ಟ್ಯಾಂಕಲ್ಲಿ ಅಮೋನಿಯಾ 4 ಹೇಗೆ ಬಂತು, ಬೋರ್ ನೀರಲ್ಲೇ ಇದ್ಯಾ ಅಂತ ನಲ್ಲಿ ನೀರು ಟೆಸ್ಟ್ ಮಾಡ್ದೆ, ಸೊನ್ನೆ.

ಆಗ ಬಾಲ್ಕನಿ ಬಕೆಟ್ ನೆನಪಾಯ್ತು. ಟ್ಯಾಂಕಿಂದ ತೆಗೆದ ಹಳೇ ನೀರನ್ನ ನನ್ನ ಹೆಂಡ್ತಿ ಚೆಲ್ಲಕ್ಕೆ ಬಿಡಲ್ಲ, ಬಸಳೆಗೂ ಕರಿಬೇವಿಗೂ ಹಾಕ್ತಾಳೆ. ಆವತ್ತು ಇನ್ನೂ ಹಾಕಿರ್ಲಿಲ್ಲ. ಆ ನೀರಿಂದ ಮೂರು ಟ್ಯೂಬ್ ತುಂಬಿಸ್ಕೊಂಡು ಅಡುಗೆಮನೆ ಕಟ್ಟೆ ಮೇಲೆ ಕಿಟಕಿ ಬೆಳಕಿಗೆ ಸಾಲಾಗಿ ಇಟ್ಟೆ. ಮೊದಲ ಟ್ಯೂಬ್ ಪಿಎಚ್, ಶುದ್ಧ ಹಳದಿ, ಅಂದ್ರೆ ಆ ಕಿಟ್‌ನ ಕೊನೇ ಮೆಟ್ಟಿಲು 6, ಅದಕ್ಕಿಂತ ಎಷ್ಟು ಕೆಳಗೆ ಅಂತ ಅದು ತೋರ್ಸಲ್ಲ. ಎರಡನೇದು ಅಮೋನಿಯಾ, ಚಾರ್ಟಿನ ಕೊನೇ ಬಣ್ಣ, 8. ಮೂರನೇದು ಕೆಎಚ್. ಈ ಟೆಸ್ಟಲ್ಲಿ 5 ಎಂಎಲ್ ನೀರಿಗೆ ಹನಿ ಹನಿಯಾಗಿ ದ್ರಾವಣ ಬಿಡ್ಬೇಕು, ಮೊದಲು ನೀಲಿ ಬರತ್ತೆ, ಯಾವ ಹನಿಗೆ ಹಳದಿಗೆ ತಿರುಗತ್ತೋ ಆ ಹನಿ ಎಣಿಕೆ ಎಷ್ಟೋ ಅಷ್ಟು ಕೆಎಚ್. ಬೋರ್ ನೀರಿಗೆ ಹದಿನಾರು ಹನಿ ಬಿಟ್ಟು ಕೈ ನೋವು ಬಂದಿತ್ತು. ಇದಕ್ಕೆ ಮೊದಲ ಹನಿ ಬಿಟ್ಟೆ, ನೀಲಿ ಬರ್ಲೇ ಇಲ್ಲ, ಬಿದ್ದ ಹನೀನೇ ನೇರ ಹಳದಿ, ಅಂದ್ರೆ ಒಂದು ಡಿಗ್ರಿನೂ ಇಲ್ಲ. ಕೆಎಚ್ ಸೊನ್ನೆ.

ಅಲ್ಲಿಗೆ ಕಥೆ ಪೂರ್ತಿ ತಿಳೀತು. ಮೀನಿನ ಗಲೀಜಿಂದ ಬರೋ ಅಮೋನಿಯಾನ ಫಿಲ್ಟರ್ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಿ, ನೈಟ್ರೈಟನ್ನ ನೈಟ್ರೇಟ್ ಮಾಡ್ತವೆ, ಇದು ಎಲ್ರಿಗೂ ಗೊತ್ತು. ಆದ್ರೆ ಈ ಕೆಲ್ಸದಲ್ಲಿ ಆಸಿಡ್ ಹುಟ್ಟತ್ತೆ, ಒಂದು ಗ್ರಾಂ ಅಮೋನಿಯಾ ನೈಟ್ರೋಜನ್‌ಗೆ 7 ಗ್ರಾಂ ಮೇಲೆ ಕ್ಯಾಲ್ಸಿಯಂ ಕಾರ್ಬನೇಟಿಗೆ ಸಮನಾದ ಕೆಎಚ್ ಖರ್ಚಾಗತ್ತೆ. ನಾನು ದಿನಾ ಹಾಕೋದು ಒಂದೂವರೆ ಗ್ರಾಂ ಫುಡ್ಡು, ಅದ್ರಲ್ಲಿ ಪ್ರೋಟೀನ್ 45 ಪರ್ಸೆಂಟ್ ಅಂತ ಡಬ್ಬಿ ಮೇಲಿದೆ, ಪ್ರೋಟೀನಲ್ಲಿ ನೈಟ್ರೋಜನ್ ಸುಮಾರು 16 ಪರ್ಸೆಂಟು, ಅರ್ಧ ಅಮೋನಿಯಾ ಆಗಿ ಬರತ್ತೆ ಅಂತ ಇಟ್ಕೊಂಡ್ರೂ 130 ಲೀಟರಿಗೆ ದಿನಕ್ಕೆ 3 ಪಿಪಿಎಂ ಹತ್ರ ಕೆಎಚ್ ಹೋಗತ್ತೆ, ಅಂದ್ರೆ ಆರು ದಿನಕ್ಕೊಂದು ಡಿಗ್ರಿ. ನಾನು ಆರ್‌ಓ ನೀರು ಹಾಕಿ ವಾಪಸ್ ಕೊಡ್ತಿದ್ದಿದ್ದು ಹತ್ರ ಹತ್ರ ಸೊನ್ನೆ. ಮಾರ್ಚ್ ಹೊತ್ತಿಗೇ ಖಾಲಿ ಆಗಿರ್ಬೇಕು. ಕೆಎಚ್ ಖಾಲಿ ಆದ್ಮೇಲೆ ಪಿಎಚ್ ಜಾರಿ 6ರ ಕೆಳಗೆ ಹೋಯ್ತು, ಅಲ್ಲಿ ಬ್ಯಾಕ್ಟೀರಿಯಾ ಕೆಲ್ಸ ಹೆಚ್ಚು ಕಡಿಮೆ ನಿಂತೇ ಹೋಗತ್ತೆ, ಅಮೋನಿಯಾ ಕೂಡ್ತಾ ಹೋಯ್ತು.

ಹಾಗಾದ್ರೆ ಮೀನು ಅಷ್ಟು ದಿನ ಯಾಕೆ ಸಾಯ್ಲಿಲ್ಲ ಅಂದ್ರೆ, ಕಿಟ್ ತೋರ್ಸೋದು ಒಟ್ಟು ಅಮೋನಿಯಾ. ಅದು ನೀರಲ್ಲಿ ಎರಡು ವೇಷದಲ್ಲಿ ಇರತ್ತೆ, ಒಂದು ಅಮೋನಿಯಂ, ಅದು ಅಷ್ಟಾಗಿ ಏನೂ ಮಾಡಲ್ಲ, ಇನ್ನೊಂದು ಅಸಲಿ ಅಮೋನಿಯಾ, ಅದೇ ಕಿವಿರು ಸುಡೋದು. ಯಾವುದು ಎಷ್ಟು ಅಂತ ತೀರ್ಮಾನ ಮಾಡೋದು ಪಿಎಚ್, ಸ್ವಲ್ಪ ಮಟ್ಟಿಗೆ ಬಿಸಿ. ನನ್ನ ನೀರು 27 ಡಿಗ್ರಿ. ಪಿಎಚ್ 6ರಲ್ಲಿ ಅಸಲಿ ಅಮೋನಿಯಾ ನೂರಕ್ಕೆ 0.07 ಕೂಡ ಇಲ್ಲ, 8 ಪಿಪಿಎಂ ಇದ್ರೂ ವಿಷ 0.005 ಅಷ್ಟೇ. ಪಿಎಚ್ 7.6ಕ್ಕೆ ಏರಿಸ್ದಾಗ ಅದು ನೂರಕ್ಕೆ ಎರಡೂವರೆ, ಒಟ್ಟು ಅಮೋನಿಯಾ ಅರ್ಧ ಆಗಿ 4 ಆದ್ರೂ ವಿಷ 0.1. ಅಂದ್ರೆ ನಾನು ನೀರು "ಕ್ಲೀನ್" ಮಾಡಿ ವಿಷನ ಇಪ್ಪತ್ತು ಪಟ್ಟು ಮಾಡಿದ್ದೆ.

ಇಷ್ಟಕ್ಕೇ ಮುಗೀಲಿಲ್ಲ. ಬೋರ್ ನೀರು ನೆಲದಡಿಯಿಂದ ಬರೋವಾಗ ಕಾರ್ಬನ್ ಡೈಆಕ್ಸೈಡ್ ತುಂಬ್ಕೊಂಡು ಬರತ್ತೆ, ಆಗ ಪಿಎಚ್ ಕಡಿಮೆ ತೋರ್ಸತ್ತೆ, ಗಾಳಿಗೆ ಬಿಟ್ರೆ ಗ್ಯಾಸ್ ಹೋಗಿ ಪಿಎಚ್ ಏರತ್ತೆ. ನಮ್ಮ ಬೋರ್ ನೀರು ಹಿಡಿದ ತಕ್ಷಣ 7.0, ಏರ್‌ಸ್ಟೋನ್ ಹಾಕಿ ಮಾರನೇ ದಿನ ನೋಡಿದ್ರೆ 8.2. ಸುಮ್ನೆ ಕೂತಿದ್ರೆ ರಾತ್ರಿ ಹೊತ್ತಿಗೆ ಟ್ಯಾಂಕು ಎಂಟು ದಾಟಿರೋದು, ಬೆಳಿಗ್ಗೆ ಒಂದೂ ಉಳೀತಿರ್ಲಿಲ್ಲ.

ಮಾಡಿದ್ದೇನಂದ್ರೆ, ಕುಡಿಯಕ್ಕೆ ತರ್ಸಿದ್ದ 20 ಲೀಟರ್ ಕ್ಯಾನು. ಅದ್ರ ನೀರಿನ ಟಿಡಿಎಸ್ 50ರ ಒಳಗೆ, ಕೆಎಚ್ ಒಂದು. ಅದನ್ನ ಹಾಕಿದ್ರೆ ಅಮೋನಿಯಾನೂ ತೆಳ್ಳಗಾಗತ್ತೆ, ಪಿಎಚ್ಚೂ ಮೇಲೆ ಹೋಗಲ್ಲ. "ರೀ, ಕುಡಿಯೋ ನೀರನ್ನ ಮೀನಿಗೆ ಹಾಕ್ತಿದೀರಾ?" ಅಂದ್ಲು, ಮುಖ ನೋಡಿ ಸುಮ್ನಾದ್ಲು, ಆಮೇಲೆ ಅವಳೇ ಅಂಗಡಿಗೆ ಫೋನ್ ಮಾಡಿ ಇನ್ನೂ ಮೂರು ಕ್ಯಾನ್ ಹೇಳಿದ್ಲು. ಒಂದು ಗಂಟೇಲಿ ನಿಧಾನಕ್ಕೆ ಸಣ್ಣ ಪೈಪಲ್ಲಿ 40 ಲೀಟರ್ ಬದ್ಲಾಯ್ಸಿದ್ದು. ಏರ್‌ಸ್ಟೋನ್ ಇನ್ನೊಂದು ಹಾಕ್ದೆ, ಲೈಟ್ ಆರಿಸ್ದೆ, ಊಟ ಬಂದ್. ಸಂಜೆ ಅಮೋನಿಯಾ ಮೂರರ ಹತ್ರ, ಕೆಎಚ್ 6, ಪಿಎಚ್ 7.6ರಲ್ಲೇ ನಿಂತಿತ್ತು. ಎರಡು ಕೋರಿ ಅಷ್ಟೊತ್ತಿಗೆ ಹೋಗಿದ್ವು. ನಿಯಾನ್ ಮೂರು ರಾತ್ರಿ, ಎರಡು ಬೆಳಿಗ್ಗೆ.

ಸೋಮವಾರ ಆಫೀಸಿಗೆ ಹೋಗೋಕೆ ಮುಂಚೆ ಇನ್ನೆರಡು ಕ್ಯಾನು. ಅಮೋನಿಯಾ 2, ಕೆಎಚ್ 4, ಪಿಎಚ್ 7.4. ಕೋರಿ ನುಗ್ಗೋದು ನಿಂತಿತ್ತು. ಸಂಜೆ ರಾಜಾಜಿನಗರದ ಗೆಳೆಯನ ಮನೆಗೆ ಹೋಗಿ ಅವನ ಟ್ಯಾಂಕಲ್ಲಿ ಎರಡು ವರ್ಷದಿಂದ ಓಡ್ತಿರೋ ಸ್ಪಾಂಜ್ ಫಿಲ್ಟರ್ ಕೇಳ್ದೆ. ಕೊಟ್ಟ, ಜೊತೆಗೆ ಬೈಗುಳಾನೂ ಕೊಟ್ಟ, ಅದೇ ಟ್ಯಾಂಕ್ ನೀರಲ್ಲಿ ಮುಳುಗಿಸಿ ಕವರಲ್ಲಿ ಕಟ್ಟಿ ಕೊಟ್ಟ. ದಾರೀಲಿ ಸ್ಪಾಂಜ್ ಒಣಗಿದ್ರೆ ಅದ್ರಲ್ಲಿರೋ ಬ್ಯಾಕ್ಟೀರಿಯಾ ಸಾಯತ್ತೆ, ನಲ್ಲೀಲಿ ತೊಳೆದ್ರೂ ಸಾಯತ್ತೆ, ಅದು ಗಲೀಜಾಗೇ ಬರ್ಬೇಕು. ಮೆಟ್ರೋಲಿ ತೊಡೆ ಮೇಲೆ ಕಂದು ನೀರಿನ ಕವರ್ ಇಟ್ಕೊಂಡು ಕೂತಿದ್ದೆ, ಪಕ್ಕದ ಹೆಂಗಸು ಎರಡ್ಸಲ ನೋಡಿ ಸೀಟ್ ಬದ್ಲಾಯ್ಸಿದ್ರು.

ನನ್ನ ಹಳೇ ಫಿಲ್ಟರಲ್ಲಿದ್ದವೂ ಪೂರ್ತಿ ಸತ್ತಿರ್ಲಿಲ್ಲ ಅನ್ಸತ್ತೆ, ಕೆಎಚ್ ಬಂದ ಕೂಡ್ಲೇ ಎದ್ವು. ಗುರುವಾರ ಅಮೋನಿಯಾ 0.5, ನೈಟ್ರೈಟ್ 1. ಶನಿವಾರ ಅಮೋನಿಯಾ ಸೊನ್ನೆ, ನೈಟ್ರೈಟ್ 2, ಟ್ಯೂಬ್ ನೇರಳೆ ಬಣ್ಣ. ನೈಟ್ರೈಟ್ ರಕ್ತಕ್ಕೆ ಹೋಗಿ ಆಕ್ಸಿಜನ್ ಒಯ್ಯೋದನ್ನ ತಡೆಯತ್ತೆ, ಆದ್ರೆ ಅದು ಕಿವಿರಲ್ಲಿ ಒಳಗೆ ಹೋಗೋದು ಕ್ಲೋರೈಡ್ ಹೋಗೋ ದಾರೀಲೇ, ನೀರಲ್ಲಿ ಕ್ಲೋರೈಡ್ ಜಾಸ್ತಿ ಇದ್ರೆ ನೈಟ್ರೈಟಿಗೆ ಜಾಗ ಸಿಗಲ್ಲ. ಅದಕ್ಕೆ ಕಲ್ಲುಪ್ಪು, ಹತ್ತು ಲೀಟರಿಗೆ ಒಂದು ಗ್ರಾಂ, ಒಟ್ಟು 13 ಗ್ರಾಂ, ಕರಗ್ಸಿ ಹಾಕಿದ್ದು. ಕೋರಿಗೆ ಉಪ್ಪು ಆಗಲ್ಲ ಅಂತ ಹೆದರಿಸ್ತಾರೆ, ಈ ಅಳತೆಗೆ ಏನೂ ಆಗ್ಲಿಲ್ಲ. ಹನ್ನೆರಡನೇ ದಿನ ಎರಡೂ ಸೊನ್ನೆ. ದಿನ ಬಿಟ್ಟು ದಿನ ಚಿಟಿಕೆ ಊಟ ಶುರು ಮಾಡ್ದೆ.

ಇಲ್ಲಿಂದ ಅಸಲಿ ರಿಪೇರಿ. ಆರ್‌ಓ ಬಿಡಲ್ಲ, ಬೋರ್ ಒಂದನ್ನೇ ಹಾಕಲ್ಲ, ಎರಡನ್ನ ಬೆರೆಸೋದು. ಮೂರು ಪಾಲು ಆರ್‌ಓಗೆ ಒಂದು ಪಾಲು ಬೋರ್ ಅಂದ್ರೆ ಲೆಕ್ಕಕ್ಕೆ ಕೆಎಚ್ 4, ಜಿಎಚ್ ಐದೂವರೆ, ಟಿಡಿಎಸ್ 220. ಈ ಹೊತ್ತಲ್ಲಿ ಬೋರ್ ನೀರಿನ ನೈಟ್ರೇಟೂ ನೋಡ್ದೆ, 40! ನಾನು ಮುಂಚೆ ಎಷ್ಟು ನೀರು ಬದ್ಲಾಯ್ಸಿದ್ರೂ ಪಾಚಿ ಯಾಕೆ ಹೋಗ್ತಿರ್ಲಿಲ್ಲ ಅಂತ ಆಗ ಗೊತ್ತಾಯ್ತು, ಕೊಳೆ ನೀರಿಗೆ ಕೊಳೆ ನೀರು ಹಾಕ್ತಿದ್ದೆ. ಕುಡಿಯೋ ನೀರಿಗೆ ಬಿಐಎಸ್ ಇಟ್ಟಿರೋ ಮಿತಿಯೇ 45 ಮಿಲಿಗ್ರಾಂ. ಈ ನೈಟ್ರೇಟ್ ಟೆಸ್ಟಲ್ಲಿ ಎರಡನೇ ಬಾಟಲೀನ ಅರ್ಧ ನಿಮಿಷ ಜೋರಾಗಿ ಕುಲುಕ್ಬೇಕು, ಹನಿ ಬಿಟ್ಟ ಮೇಲೆ ಟ್ಯೂಬನ್ನ ಒಂದು ನಿಮಿಷ ಕುಲುಕ್ಬೇಕು, ಇಲ್ಲಾಂದ್ರೆ ಅದ್ರೊಳಗಿನ ಪುಡಿ ತಳದಲ್ಲೇ ಕೂತು ಸುಳ್ಳು ಕಡಿಮೆ ತೋರ್ಸತ್ತೆ. ನಾನು ಮುಂಚೆ ಟೆಸ್ಟ್ ಮಾಡೋವಾಗ ಒಂದ್ಸಲಾನೂ ಕುಲುಕಿರ್ಲಿಲ್ಲ. ಬಾಟಲೀನ ಮೇಜಿಗೆ ಕುಟ್ಟಿದ್ರೆ ಇನ್ನೂ ಒಳ್ಳೇದು.

50 ಲೀಟರಿನ ಮುಚ್ಚಳದ ಡ್ರಮ್ ಒಂದು ತಂದೆ, ಬಾತ್ರೂಮ್ ಪಕ್ಕ ಯುಟಿಲಿಟೀಲಿ ಇಟ್ಟೆ. ಶುಕ್ರವಾರ ರಾತ್ರಿ 30 ಲೀಟರ್ ಆರ್‌ಓ, 10 ಲೀಟರ್ ಬೋರ್, ಒಳಗೆ ಏರ್‌ಸ್ಟೋನ್. ಒಂದಿಡೀ ದಿನ ಗುಳುಗುಳು ಅಂತಿರತ್ತೆ, ಗ್ಯಾಸ್ ಹೋಗಿ ಪಿಎಚ್ 7.5ಕ್ಕೆ ಬಂದು ನಿಲ್ಲತ್ತೆ. ಭಾನುವಾರ ಬೆಳಿಗ್ಗೆ ಕೂಲರಿನ ಹಳೇ ಸಬ್‌ಮರ್ಸಿಬಲ್ ಪಂಪ್ ಹಾಕಿ ಪೈಪಲ್ಲಿ ಟ್ಯಾಂಕಿಗೆ, 35 ಲೀಟರ್. ಡ್ರಮ್ಮನ್ನ ಮೊದ್ಲು ಬಿಸಿಲು ಬೀಳೋ ಕಡೆ ಇಟ್ಟಿದ್ದೆ, ವಾರದಲ್ಲಿ ಒಳಗೆ ಹಸಿರು ಪಾಚಿ, ಜಾಗ ಬದ್ಲಾಯ್ಸ್ದೆ. ಆರ್‌ಓ 30 ಲೀಟರ್ ಮಾಡಕ್ಕೆ ವೇಸ್ಟ್ ನೀರು ಅದಕ್ಕಿಂತ ಡಬಲ್ ಬರತ್ತೆ, ಅದು ಬಟ್ಟೆ ಒಗೆಯಕ್ಕೆ, ನೆಲ ಒರೆಸಕ್ಕೆ, ಗಾಡಿ ತೊಳೆಯಕ್ಕೆ. 2024ರ ಮಾರ್ಚಲ್ಲಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5,000 ರೂಪಾಯಿ ದಂಡ ಅಂತ ಬಂದಿತ್ತಲ್ಲ, ಆಗಿಂದ ನಮ್ಮನೇಲಿ ಅದು ಅಭ್ಯಾಸ ಆಗೋಗಿದೆ.

ಇಷ್ಟಾದ್ರೆ ಸಾಕು ಅಂದ್ಕೊಂಡಿದ್ದೆ, ಸಾಕಾಗ್ಲಿಲ್ಲ. ಕ್ಯಾಲೆಂಡರಲ್ಲಿ ಕೆಎಚ್ ನೋಡಿ, ಮೊದಲ ವಾರ 4, ಆಮೇಲೆ 3, ಮೂರನೇ ವಾರ 2. ವಾರಕ್ಕೆ ಒಂದು ಡಿಗ್ರಿ ಖರ್ಚು, ಬದ್ಲಾಯ್ಸೋದು ಕಾಲು ಭಾಗ ನೀರು, ಅದ್ರಿಂದ ಬರೋ ಕೆಎಚ್ ಅರ್ಧ ಡಿಗ್ರಿಯಷ್ಟು. ಜಮಾಕ್ಕಿಂತ ಖರ್ಚು ಜಾಸ್ತಿ. ತಕ್ಷಣಕ್ಕೆ ಅಡುಗೆ ಸೋಡಾ. 100 ಲೀಟರಿಗೆ 3 ಗ್ರಾಂ ಹಾಕಿದ್ರೆ ಒಂದು ಕೆಎಚ್ ಏರತ್ತೆ, ನಂಗೆ 4 ಗ್ರಾಂ. ದಿನಕ್ಕೊಂದೇ ಡಿಗ್ರಿ, ಎರಡು ದಿನ. ಬೇಕಿಂಗ್ ಪೌಡರ್ ಬೇರೆ, ಅದ್ರಲ್ಲಿ ಏನೇನೋ ಸೇರ್ಸಿರ್ತಾರೆ, ವಾಷಿಂಗ್ ಸೋಡಾ ಅಂತೂ ಪಿಎಚ್ಚನ್ನ ಎಲ್ಲಿಗೋ ಎತ್ತಿಬಿಡತ್ತೆ. ಅದೂ ಅಲ್ದೆ ಅಮೋನಿಯಾ ಸೊನ್ನೆ ಅಂತ ನೋಡ್ಕೊಳ್ದೆ ಸೋಡಾ ಮುಟ್ಬೇಡಿ, ನಾನು ಭಾನುವಾರ ಮಾಡಿದ್ದನ್ನೇ ಚಮಚದಲ್ಲಿ ಮಾಡ್ದಂಗಾಗತ್ತೆ.

ಕಾಯಮ್ಮಾಗಿ ಇರಕ್ಕೆ ಕರಗೋ ಕಲ್ಲು ಬೇಕು. ಅಂಗಡೀಲಿ ಕೋರಲ್ ಚಿಪ್ಸ್ ಅಂತ ಕೊಡ್ತಾರೆ, ಹವಳ ನಮ್ಮಲ್ಲಿ ವನ್ಯಜೀವಿ ಕಾಯ್ದೆ ಕೆಳಗೆ ಬರತ್ತೆ, ಎಲ್ಲಿಂದ ತಂದಿದ್ದೋ ಏನೋ, ನಂಗೆ ಬೇಡ ಅನ್ನಿಸ್ತು. ಹೆಂಡ್ತಿ ತವರು ಉಡುಪಿ ಕಡೆ. ಅತ್ತೆಗೆ ಫೋನ್ ಮಾಡಿ, ಮರುವಾಯಿ (ಆ ಕಡೆ ತಿನ್ನೋ ಚಿಪ್ಪುಮೀನು) ಸುಕ್ಕ ಮಾಡಿದ್ರೆ ಚಿಪ್ಪು ಬಿಸಾಕ್ಬೇಡಿ ಅಂದೆ. "ಅಳಿಯಂದ್ರಿಗೆ ಮರುವಾಯಿ ಬೇಡ, ಚಿಪ್ಪಿ ಮಾತ್ರ ಸಾಕಂತೆ" ಅಂತ ಊರಿಗೆಲ್ಲ ಹೇಳಿ ನಕ್ಕಿದಾರೆ. ಬಸ್ಸಲ್ಲಿ ಒಂದು ಚೀಲ ಬಂತು. ಎರಡ್ಸಲ ಕುದಿಸಿ, ಮಾಂಸದ ಚೂರು ಒಂದೂ ಇಲ್ದಂಗೆ ಉಜ್ಜಿ, ಬಿಸಿಲಿಗೆ ಒಣಗ್ಸಿ, ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೇಲಿ ಕುಟ್ಟಿ ಕಡ್ಲೆಬೇಳೆ ಗಾತ್ರ ಮಾಡ್ಕೊಂಡೆ. ಮೊದಲ ಸಲ ಸರಿಯಾಗಿ ಉಜ್ಜಿರ್ಲಿಲ್ಲ, ಮನೆಯೆಲ್ಲ ಮೀನುಮಾರ್ಕೆಟ್ ವಾಸನೆ, ಎರಡು ದಿನ ನಂಗೆ ಮರ್ಯಾದೆ ಇರ್ಲಿಲ್ಲ. 100 ಗ್ರಾಂ ತೂಗಿ ಸೊಳ್ಳೆಪರದೆ ಬಟ್ಟೇಲಿ ಗಂಟು ಕಟ್ಟಿ ಟಾಪ್ ಫಿಲ್ಟರಲ್ಲಿ ನೀರು ಬೀಳೋ ಜಾಗದಲ್ಲಿಟ್ಟೆ. ಚಿಪ್ಪು ಹೆಚ್ಚು ಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬನೇಟು. ನೀರು ಆಸಿಡ್ ಕಡೆ ವಾಲಿದಷ್ಟೂ ಬೇಗ ಕರಗತ್ತೆ, ಪಿಎಚ್ ಏಳೂವರೆ ದಾಟಿದ್ರೆ ಹೆಚ್ಚು ಕಡಿಮೆ ಸುಮ್ನೆ ಕೂರತ್ತೆ. ನಾನು ಮರ್ತ್ರೂ ಅದು ಮರೆಯಲ್ಲ. ಎರಡು ತಿಂಗಳಾದ್ಮೇಲೆ ತೆಗ್ದು ಒಣಗ್ಸಿ ಅಡುಗೆಮನೆ ತಕ್ಕಡೀಲಿ ತೂಗ್ದೆ, 84 ಗ್ರಾಂ. ಚೂರುಗಳ ಅಂಚೆಲ್ಲ ಸವೆದು ನುಣುಪಾಗಿದ್ವು. ಹದಿನಾರು ಗ್ರಾಂ ನೀರಿಗೆ ಹೋಗಿದೆ. ಇನ್ನಷ್ಟು ಸೇರ್ಸಿ ವಾಪಸ್ ಇಟ್ಟೆ.

ನೈಟ್ರೇಟಿಗೆ ಮನಿ ಪ್ಲಾಂಟ್. ಬಳ್ಳೀನ ಫಿಲ್ಟರ್ ಬಾಕ್ಸಲ್ಲಿ ಬೇರು ಮಾತ್ರ ನೀರಲ್ಲಿರೋ ಹಾಗೆ ಸಿಗಿಸಿದೀನಿ, ಅದು ಈಗ ಕರ್ಟನ್ ರಾಡಿನ ಮೇಲೆ ಹತ್ತಿದೆ. ಡಿಸೆಂಬರಲ್ಲಿ ಇಲ್ಲಿ ನೀರು 20ಕ್ಕೆ ಇಳಿಯತ್ತೆ, ಬ್ಯಾಕ್ಟೀರಿಯಾನೂ ನಿಧಾನ ಆಗತ್ತೆ, 100 ವ್ಯಾಟ್ ಹೀಟರ್ ಹಾಕಿ 26ಕ್ಕೆ ಇಟ್ಟೆ. ಕರೆಂಟ್ ಹೋದ್ರೆ ಏರ್‌ಪಂಪ್ ಯುಪಿಎಸ್ ಮೇಲೆ.

ಕೊನೇ ಸಲ ನೋಡಿದ್ದು ಹೋದ ಭಾನುವಾರ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20, ಕೆಎಚ್ 4, ಜಿಎಚ್ 8, ಪಿಎಚ್ 7.2. ಟಿಡಿಎಸ್ 290, ಈಗ್ಲೂ ಅದ್ದಿ ನೋಡ್ತೀನಿ, ಆರ್‌ಓ ಮೆಂಬ್ರೇನ್ ಸರಿ ಇದ್ಯಾ ಅಂತ ನೋಡಕ್ಕೆ ಅದು ಸಾಕು. ಬಾದಾಮಿ ಎಲೆ ಒಂದೆರಡು ಹಾಕ್ತೀನಿ, ಬಣ್ಣಕ್ಕೆ. ಏಂಜೆಲ್ ಜೋಡಿ ಒಂದು ಹೀಟರ್ ಮೇಲೇ ಮೊಟ್ಟೆ ಇಟ್ಟಿತ್ತು, ಎರಡೇ ದಿನಕ್ಕೆ ತಾವೇ ತಿಂದ್ವು. ಬಸವನಹುಳ ಒಂದೆರಡು ಎಲ್ಲಿ ಬದುಕಿದ್ವೋ, ಗಾಜಿನ ಮೇಲೆ ಮತ್ತೆ ಬಂದಿವೆ, ಚಿಪ್ಪು ಕಂದು ಬಣ್ಣ, ಗಟ್ಟಿಯಾಗಿದೆ.

ಬಾಕಿ ಇರೋ ಕೆಲ್ಸ ಒಂದೇ. ಕಾವೇರಿ ಪೈಪು ಸಂಪಿಗೆ ಬೀಳೋ ಮುಂಚೆ ಒಂದು ಟೀ ಜಾಯಿಂಟ್ ಹಾಕ್ಸಿ ನಲ್ಲಿ ಕೂರ್ಸೋದು. ಆ ನೀರು ಬೇರೆ ಹಿಡಿದು ನೋಡಿದೀನಿ, ಟಿಡಿಎಸ್ 190, ಕೆಎಚ್ 5, ಜಿಎಚ್ 6, ನಾನು ಇಷ್ಟೆಲ್ಲ ಸರ್ಕಸ್ ಮಾಡಿ ಡ್ರಮ್ಮಲ್ಲಿ ಬೆರೆಸೋ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ಪಂಪ್ ಆಗಿ ಗೇಟಿನ ತನಕ ರೆಡಿಯಾಗೇ ಬರ್ತಿದೆ. ಅದ್ರಲ್ಲಿ ಕ್ಲೋರಿನ್ ಇರತ್ತೆ, ಅದನ್ನ ತೆಗೆಯಕ್ಕೆ ಹೈಪೋ ಹರಳು ಬೇಕು, ಒಂದು ಮಿಲಿಗ್ರಾಂ ಕ್ಲೋರಿನ್‌ಗೆ ಏಳು ಮಿಲಿಗ್ರಾಂ ಲೆಕ್ಕ, 40 ಲೀಟರಿಗೆ ನಾಲ್ಕೈದು ಹರಳು ಬಿದ್ರೆ ಆಯ್ತು. ಪ್ಲಂಬರ್ ಎರಡ್ಸಲ ನಾಳೆ ಬರ್ತೀನಿ ಅಂದಿದಾನೆ. ಬಂದು ನಲ್ಲಿ ಕೂರ್ಸಿದ ದಿನ ಇದ್ರ ಕೆಳಗೆ ಹೊಸ ರೀಡಿಂಗ್ ಸೇರಿಸ್ತೀನಿ.